ಸೊಪ್ಪಿನ ವಿಟಮಿನ್ನು, ಬಾವಿಯ ವಿಷ: ಆರಾಯಿಹಜಾರ್‌ನ ಇನ್ನೂರು ಜನರ ಪ್ರಕರಣ

ನಮ್ಮ ಅಕ್ಕ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದಾಳೆ. ಹೋದ ತಿಂಗಳು ಫೋನ್ ಮಾಡಿದಾಗ ಮಳೆ, ತೊಗರಿ, ಮಕ್ಕಳ ಸಾಲಿ ಎಲ್ಲಾ ಮಾತಾಡಿ ಆದ ಮೇಲೆ ಮೆಲ್ಲಗೆ ಕೇಳಿದಳು. "ತಮ್ಮಾ, ನಮ್ಮ ಬೋರಿನ ನೀರಾಗ ಆರ್ಸೆನಿಕ್ ಇರಬಹುದು ಅಂತಾರ. ದಿನಾ ಬಳ್ಳೊಳ್ಳಿ, ಅರಿಶಿಣ ತಿಂದ್ರ ಹೋಗ್ತದಂತ. ಖರೇ ಏನು?"

ನನಗೆ ತಕ್ಷಣ ಉತ್ತರ ಹೇಳಲು ಆಗಲಿಲ್ಲ. ಹೌದು ಅಂದರೆ ಅವಳು ಅದೇ ನೀರು ಕುಡಿಯುತ್ತಾ ಬೆಳ್ಳುಳ್ಳಿ ತಿಂದುಕೊಂಡು ಇದ್ದುಬಿಡುತ್ತಾಳೆ. ಇಲ್ಲ ಅಂದರೆ ಅದೂ ಪೂರ್ತಿ ನಿಜವಲ್ಲ. ಯಾಕೆಂದರೆ ಊಟಕ್ಕೂ ಆರ್ಸೆನಿಕ್ ಅನ್ನುವ ಈ ವಿಷಕ್ಕೂ ಸಂಬಂಧ ಇದೆ. ಸುಮ್ನೆ ಬಾಯಿಮಾತಿನ ಸಂಬಂಧ ಅಲ್ಲ, ಮನುಷ್ಯರ ರಕ್ತ, ಮೂತ್ರ ಅಳೆದು ನೋಡಿದ ಸಂಬಂಧ. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಸಿಕ್ಕ ಅತ್ಯಂತ ಗಟ್ಟಿ ಪ್ರಕರಣ ಬಾಂಗ್ಲಾದೇಶದ್ದು. ಅದನ್ನೇ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಊರಿನ ಹೆಸರು ಆರಾಯಿಹಜಾರ್. ಢಾಕಾದ ಪೂರ್ವಕ್ಕೆ, ನಾರಾಯಣಗಂಜ್ ಜಿಲ್ಲೆಯಲ್ಲಿದೆ. ಭತ್ತ, ನೀರು, ಕೆಸರು, ಮೀನು ಇರುವ ಬಯಲು ಸೀಮೆ. 1970ರ ದಶಕದಿಂದ ಬಾಂಗ್ಲಾದೇಶದ ಹಳ್ಳಿಹಳ್ಳಿಗಳಲ್ಲಿ ಕೆರೆ ನೀರು ಬಿಡಿಸಿ ಕೊಳವೆ ಬಾವಿ ಹಾಕಿಸಿದರು. ಕಾರಣ ಒಳ್ಳೆಯದೇ. ಕೆರೆ ನೀರು ಕುಡಿದು ವಾಂತಿ ಭೇದಿಯಾಗಿ ಮಕ್ಕಳು ಸಾಯುತ್ತಿದ್ದವು. ಕೈಪಂಪಿನ ನೀರು ಕಣ್ಣಿಗೆ ತಿಳಿಯಾಗಿತ್ತು, ವಾಸನೆ ಇರಲಿಲ್ಲ, ರುಚಿಯಲ್ಲೂ ಏನೂ ಗೊತ್ತಾಗುತ್ತಿರಲಿಲ್ಲ. ಅದರಲ್ಲಿ ಆರ್ಸೆನಿಕ್ ಇದೆ ಅಂತ ಅಲ್ಲಿ ಗೊತ್ತಾಗಿದ್ದು 1993ರಲ್ಲಿ. ಹಿಮಾಲಯದಿಂದ ನದಿಗಳು ತಂದು ಹಾಸಿದ ಮಣ್ಣಿನಲ್ಲಿ ಕಬ್ಬಿಣದ ಕಣಗಳಿಗೆ ಆರ್ಸೆನಿಕ್ ಅಂಟಿಕೊಂಡಿರುತ್ತದೆ. ಗಾಳಿ ಆಡದ ಜಾಗದಲ್ಲಿ, ಕೊಳೆತ ಎಲೆ ಕಡ್ಡಿ ತುಂಬಿದ ಕೆಸರಿನೊಳಗೆ ಆ ಅಂಟು ಬಿಡುತ್ತದೆ, ಆರ್ಸೆನಿಕ್ ನೀರಿಗೆ ಇಳಿಯುತ್ತದೆ.

ಎಷ್ಟು ಜನಕ್ಕೆ ಅಪಾಯ? 2000ನೇ ಇಸವಿಯಲ್ಲಿ ಅಲನ್ ಸ್ಮಿತ್ ಮತ್ತು ಜೊತೆಗಾರರು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬರೆದ ಲೆಕ್ಕದಂತೆ, ಆಗಿನ 12.5 ಕೋಟಿ ಜನಸಂಖ್ಯೆಯಲ್ಲಿ 3.5 ಕೋಟಿಯಿಂದ 7.7 ಕೋಟಿ ಜನ. ಒಂದು ಜನಸಮೂಹಕ್ಕೆ ಇಷ್ಟು ದೊಡ್ಡ ಪ್ರಮಾಣದಲ್ಲಿ ವಿಷ ಹೋದದ್ದು ಇತಿಹಾಸದಲ್ಲೇ ಇಲ್ಲ ಅಂತ ಅವರು ಬರೆದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿಯೂ ಅದೇ. ಬಾಂಗ್ಲಾದೇಶದ್ದು 50.

ಅದೇ 2000ದ ಹೊತ್ತಿಗೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಆರಾಯಿಹಜಾರ್‌ನಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ಶುರು ಮಾಡಿದರು. ಇಂಥ ಊರುಗಳಲ್ಲಿ ಕೆಲಸ ಮಾಡಿದವರೆಲ್ಲ ನೋಡಿರುವ ಒಂದು ವಿಷಯವಿದೆ. ಒಂದೇ ಬಾವಿ, ಒಂದೇ ಮನೆ. ಒಬ್ಬರಿಗೆ ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದ ಹಾಗೆ ಚುಕ್ಕೆ, ಅಂಗೈ ಅಂಗಾಲಿನಲ್ಲಿ ಗಟ್ಟಿ ಗಟ್ಟಿ ಗಂಟು. ಇನ್ನೊಬ್ಬರಿಗೆ ಏನೂ ಇಲ್ಲ. ಕುಡಿದ ನೀರು ಒಂದೇ ಅಲ್ವಾ? ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಸ್ವಲ್ಪ ಭಾಗ ಹುಟ್ಟಿನಿಂದ ಬರುತ್ತದೆ. ಗಂಡಸರಿಗೆ ಚರ್ಮದ ಗುರುತು ಜಾಸ್ತಿ, ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಜಾಸ್ತಿ. ಆದರೆ ಇನ್ನೊಂದು ಭಾಗ ತಟ್ಟೆಯಲ್ಲಿತ್ತು. 2004ರಲ್ಲಿ ಪಶ್ಚಿಮ ಬಂಗಾಳದಿಂದ ಒಂದು ಅಧ್ಯಯನ ಬಂತು. ಚರ್ಮದ ಗುರುತು ಬಂದ 192 ಜನರನ್ನೂ ಗುರುತಿಲ್ಲದ 213 ಜನರನ್ನೂ ಏನು ತಿನ್ನುತ್ತೀರಿ ಅಂತ ಕೇಳಿ ಹೋಲಿಸಿದರು. ಪ್ರಾಣಿಗಳಿಂದ ಬರುವ ಪ್ರೋಟೀನ್, ಕ್ಯಾಲ್ಸಿಯಂ, ನಾರು, ಫೋಲೇಟ್ ಅನ್ನುವ ವಿಟಮಿನ್, ಈ ನಾಲ್ಕು ತೀರಾ ಕಡಿಮೆ ಇದ್ದವರಲ್ಲಿ ರೋಗದ ಅಪಾಯ ಹೆಚ್ಚಿತ್ತು. ಪ್ರಾಣಿ ಪ್ರೋಟೀನ್ ತೀರಾ ಕಡಿಮೆ ತಿನ್ನುವವರಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು.

ಈ ಮಾತು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಬಡವರ ಬಾವಿಯಲ್ಲಿ ವಿಷ, ಅದನ್ನು ಹೊರಹಾಕಲು ಬೇಕಾದ ಊಟವೂ ಬಡವರ ಹತ್ತಿರ ಇಲ್ಲ.

ಫೋಲೇಟ್ ಯಾಕೆ ಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ನೀರಿನಲ್ಲಿ ಬರುವ ಆರ್ಸೆನಿಕ್ ಮೈಯೊಳಗೆ ಹೋದ ಮೇಲೆ ಲಿವರ್ ಅದಕ್ಕೆ ಒಂದು ಮೀಥೈಲ್ ಗುಂಪನ್ನು ಅಂಟಿಸುತ್ತದೆ. ಮೀಥೈಲ್ ಅಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಒಂದು ಅಂಟಿದರೆ ಅದನ್ನು ಎಂಎಂಎ ಅನ್ನುತ್ತಾರೆ. ಎರಡನೆಯದೂ ಅಂಟಿದರೆ ಡಿಎಂಎ. ಡಿಎಂಎ ಆದರೆ ಮೂತ್ರದಲ್ಲಿ ಬೇಗ ಹೊರಗೆ ಹೋಗುತ್ತದೆ. ತೊಂದರೆ ಇರುವುದು ನಡುವಿನ ಎಂಎಂಎ ಹತ್ತಿರ. ಅದರ ಒಂದು ರೂಪ ಮೂಲ ಆರ್ಸೆನಿಕ್‌ಗಿಂತಲೂ ಜೀವಕೋಶಕ್ಕೆ ಕೆಟ್ಟದ್ದು. ಹಾಗಾಗಿ ಅರ್ಧ ಕೆಲಸ ಮಾಡಿ ನಿಲ್ಲಿಸಿದರೆ ಲಾಭವಿಲ್ಲ. ಎರಡನೆಯ ಮೀಥೈಲ್ ಕೂಡ ಅಂಟಬೇಕು.

ಮೀಥೈಲ್ ಹೊತ್ತು ತರುವ ಬಂಡಿ ಒಂದಿದೆ, ಅದರ ಚಿಕ್ಕ ಹೆಸರು ಸ್ಯಾಮ್. ಗೊಬ್ಬರ ಹೇರಿಕೊಂಡು ಹೊಲಕ್ಕೆ ಹೋಗಿ ಇಳಿಸಿದ ಬಂಡಿ ಖಾಲಿ ವಾಪಸ್ ಬರುತ್ತದಲ್ಲ, ಹಾಗೆ ಇದೂ ಮೀಥೈಲ್ ಇಳಿಸಿ ಖಾಲಿಯಾಗುತ್ತದೆ, ಕೊನೆಗೆ ಹೋಮೋಸಿಸ್ಟೀನ್ ಆಗಿ ನಿಲ್ಲುತ್ತದೆ. ಆ ಖಾಲಿ ಬಂಡಿಗೆ ಮತ್ತೆ ಹೇರುವ ಕೆಲಸಕ್ಕೆ ಫೋಲೇಟ್ ಬೇಕು, ಜೊತೆಗೆ ಬಿ12 ಬೇಕು. ಫೋಲೇಟ್ ಇಲ್ಲದಿದ್ದರೆ ಖಾಲಿ ಬಂಡಿಗಳು ಸಾಲಾಗಿ ನಿಂತುಬಿಡುತ್ತವೆ. ಆರ್ಸೆನಿಕ್ ಅರ್ಧ ದಾರಿಯಲ್ಲಿ ಎಂಎಂಎ ಆಗಿ ಉಳಿಯುತ್ತದೆ.

ಫೋಲೇಟ್ ಅಂದರೆ ಎಲೆಯ ವಿಟಮಿನ್. ಹೆಸರು ಬಂದದ್ದೇ ಲ್ಯಾಟಿನ್ ಭಾಷೆಯಲ್ಲಿ ಎಲೆಗೆ ಇರುವ ಮಾತಿನಿಂದ. ಸೊಪ್ಪು, ಕಾಳು, ಬೇಳೆ, ಶೇಂಗಾ, ಲಿವರ್ ಇದರಲ್ಲೆಲ್ಲ ಇದೆ. ಮಾತ್ರೆಯಲ್ಲಿ ಕೊಡುವ ರೂಪಕ್ಕೆ ಫೋಲಿಕ್ ಆಸಿಡ್ ಅನ್ನುತ್ತಾರೆ.

ಇನ್ನೂರು ಜನ, ಹನ್ನೆರಡು ವಾರ

ಕೊಲಂಬಿಯಾದ ಮೇರಿ ಗ್ಯಾಂಬಲ್ ಮತ್ತು ಅವರ ತಂಡ ಕೇಳಿದ ಪ್ರಶ್ನೆ ಸರಳ. ಫೋಲೇಟ್ ಕಡಿಮೆ ಇರುವವರಿಗೆ ಅದನ್ನು ಕೊಟ್ಟರೆ ಆರ್ಸೆನಿಕ್ ಹೊರಗೆ ಹೋಗುವುದು ಹೆಚ್ಚುತ್ತದೆಯಾ?

ರಕ್ತದಲ್ಲಿ ಫೋಲೇಟ್ ಕಡಿಮೆ ಇದ್ದ 200 ಜನರನ್ನು ಆರಿಸಿದರು. ಅಳತೆ ಹೇಳಬೇಕೆಂದರೆ ಲೀಟರಿಗೆ 9 ನ್ಯಾನೋಮೋಲ್ ಅಥವಾ ಅದಕ್ಕಿಂತ ಕಡಿಮೆ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಇನ್ನೊಂದಕ್ಕೆ ನೋಡಲು ಅದೇ ಥರ ಇರುವ, ಆದರೆ ಒಳಗೆ ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ತಿನ್ನುವವರಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ಹನ್ನೆರಡು ವಾರ ಹೀಗೆ ನಡೆಯಿತು.

ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಫೋಲಿಕ್ ಆಸಿಡ್ ತೆಗೆದುಕೊಂಡವರ ಮೂತ್ರದಲ್ಲಿ ಹೊರಗೆ ಬಂದ ಆರ್ಸೆನಿಕ್‌ನಲ್ಲಿ ಡಿಎಂಎ ಪಾಲು ಶೇಕಡಾ 72ರಿಂದ 79ಕ್ಕೆ ಏರಿತು. ಎಂಎಂಎ 13ರಿಂದ 10ಕ್ಕೆ ಇಳಿಯಿತು. ಏನೂ ಬದಲಾಗದೆ ಉಳಿದ ಮೂಲ ಆರ್ಸೆನಿಕ್ 15ರಿಂದ 11ಕ್ಕೆ ಬಂತು. ಮದ್ದಿಲ್ಲದ ಮಾತ್ರೆ ತಿಂದವರಲ್ಲಿ ಇಷ್ಟು ಬದಲಾವಣೆ ಆಗಲಿಲ್ಲ.

ಮೂತ್ರದಲ್ಲಿ ಪಾಲು ಬದಲಾದರೆ ಸಾಕಾ, ಮೈಯೊಳಗಿನದು ಕಡಿಮೆ ಆಗಬೇಡವಾ ಅಂತ ನೀವು ಕೇಳಬಹುದು. ಕೇಳಲೇಬೇಕು. ಅದಕ್ಕೆ ಉತ್ತರ ಮರುವರ್ಷ, 2007ರಲ್ಲಿ ಬಂತು. ಇವರಲ್ಲೇ 130 ಜನರ ರಕ್ತ ಅಳೆದಾಗ ಫೋಲಿಕ್ ಆಸಿಡ್ ಗುಂಪಿನಲ್ಲಿ ಒಟ್ಟು ಆರ್ಸೆನಿಕ್ ಸರಾಸರಿ ಶೇಕಡಾ 13.6ರಷ್ಟು ಇಳಿದಿತ್ತು, ಇನ್ನೊಂದು ಗುಂಪಿನಲ್ಲಿ ಬರೀ 2.5. ರಕ್ತದಲ್ಲಿದ್ದ ಎಂಎಂಎ, ಅದೇ ಆ ನಡುವಿನ ಕೆಟ್ಟದ್ದು, ಶೇಕಡಾ 22ರಷ್ಟು ಇಳಿದಿತ್ತು. ಡಿಎಂಎ ರಕ್ತದಲ್ಲಿ ಹೆಚ್ಚಾಗಲಿಲ್ಲ, ಯಾಕೆಂದರೆ ಅದು ಆದ ಹಾಗೆಲ್ಲ ಮೂತ್ರದ ದಾರಿ ಹಿಡಿಯುತ್ತಿತ್ತು.

ನನ್ನ ಮಟ್ಟಿಗೆ ಇದು ದೊಡ್ಡ ಸುದ್ದಿ. ಇಲಿಯ ಮೇಲಲ್ಲ, ಗಾಜಿನ ತಟ್ಟೆಯ ಜೀವಕೋಶದ ಮೇಲಲ್ಲ, ದಿನಾ ಆ ಬಾವಿಯ ನೀರು ಕಂಡ ಜನರ ಮೇಲೆ ತೋರಿಸಿದ್ದು. ಅದೂ ಸೊಪ್ಪು ಕಾಳಿನಲ್ಲಿ ಇರುವಂಥ ಒಂದು ಸಾದಾ ವಿಟಮಿನ್‌ನಿಂದ. 2009ರಲ್ಲಿ ಅದೇ ಸೀಮೆಯ ಇನ್ನೊಂದು ಲೆಕ್ಕ ಬಂತು. ಫೋಲೇಟ್ ಕಡಿಮೆ ಇದ್ದವರಿಗೆ ಮುಂದೆ ಚರ್ಮದ ಗುರುತು ಬರುವ ಅಪಾಯ ಸುಮಾರು 1.8 ಪಟ್ಟು ಇತ್ತು. ಅಂದರೆ ಪ್ರಯೋಗಾಲಯದ ಅಂಕಿಗೂ ಜನರ ಅಂಗೈಗೂ ನಡುವೆ ದಾರಿ ಇದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅಕ್ಕನಿಗೆ ತಪ್ಪು ಉತ್ತರ ಕೊಟ್ಟ ಹಾಗಾಗುತ್ತದೆ. ಮುಂದಿನ ಪರೀಕ್ಷೆ ನೋಡಬೇಕು.

ಅದೇ ತಂಡ ಆಮೇಲೆ 622 ಜನರ ಮೇಲೆ ದೊಡ್ಡ ಪರೀಕ್ಷೆ ಮಾಡಿತು, 2015ರಲ್ಲಿ ಪ್ರಕಟಿಸಿತು. ಈ ಸಲ ಫೋಲೇಟ್ ಕಡಿಮೆ ಇರುವವರನ್ನೇ ಆರಿಸಲಿಲ್ಲ, ಎಲ್ಲರನ್ನೂ ಸೇರಿಸಿಕೊಂಡರು. ಕೆಲವರಿಗೆ 400 ಮೈಕ್ರೋಗ್ರಾಂ, ಕೆಲವರಿಗೆ 800, ಕೆಲವರಿಗೆ ಕ್ರಿಯಾಟಿನ್ ಅನ್ನುವ ಇನ್ನೊಂದು ಪೂರಕ, ಕೆಲವರಿಗೆ ಮದ್ದಿಲ್ಲದ ಮಾತ್ರೆ. ಶುರುವಿನಲ್ಲೇ ಎಲ್ಲರ ಮನೆಗೂ ಆರ್ಸೆನಿಕ್ ತೆಗೆಯುವ ಫಿಲ್ಟರ್ ಕೊಟ್ಟರು. ಹನ್ನೆರಡು ವಾರದ ಹೊತ್ತಿಗೆ 800 ಮೈಕ್ರೋಗ್ರಾಂ ತೆಗೆದುಕೊಂಡವರ ರಕ್ತದಲ್ಲಿ ಆರ್ಸೆನಿಕ್ ಶೇಕಡಾ 17.8 ಇಳಿಯಿತು. ಮದ್ದಿಲ್ಲದ ಮಾತ್ರೆ ತಿಂದವರಲ್ಲೂ 9.5 ಇಳಿಯಿತು.

ಆ 9.5 ಎಲ್ಲಿಂದ ಬಂತು? ಅವರಿಗೆ ಮದ್ದು ಸಿಕ್ಕಿಲ್ಲ. ಸಿಕ್ಕಿದ್ದು ಫಿಲ್ಟರ್. ನೀರು ಬದಲಾಗಿತ್ತು.

ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಕಡೆ ನಲ್ಲಿ ಬಿಟ್ಟುಕೊಂಡು ಇನ್ನೊಂದು ಕಡೆ ಬಟ್ಟೆ ಹಿಡಿದು ನೆಲ ಒರೆಸಿದರೆ ಎಷ್ಟು ಒರೆಸಿದರೂ ನೆಲ ಒಣಗುವುದಿಲ್ಲ. ಫೋಲೇಟ್ ಒಳ್ಳೆಯ ಬಟ್ಟೆ. ನಲ್ಲಿ ನಿಲ್ಲಿಸುವುದು ಅದರಿಂದ ಆಗದು.

ಇದಕ್ಕೆ ಇನ್ನೊಂದು ಸಾಕ್ಷಿ ನಮ್ಮ ದೇಶದಲ್ಲೇ ಇದೆ. ಕೋಲ್ಕತ್ತಾದ ವೈದ್ಯ ಡಿ.ಎನ್. ಗುಹಾ ಮಜುಂದಾರ್ ಮತ್ತು ಅವರ ಜೊತೆಗಾರರು 1998ರಲ್ಲಿ ಪ್ರಕಟಿಸಿದ್ದು. ಮೈಯಿಂದ ಲೋಹ ಹಿಡಿದು ಹೊರಗೆ ಎಳೆಯುವ ಡಿಎಂಎಸ್‌ಎ ಅನ್ನುವ ಔಷಧಿಯನ್ನು 21 ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ಔಷಧಿ ತೆಗೆದುಕೊಂಡವರು ಸುಧಾರಿಸಿದರು. ಆದರೆ ಮದ್ದಿಲ್ಲದ ಮಾತ್ರೆ ತೆಗೆದುಕೊಂಡವರೂ ಸುಧಾರಿಸಿದರು, ಎರಡು ಗುಂಪಿಗೂ ವ್ಯತ್ಯಾಸವೇ ಸಿಗಲಿಲ್ಲ. ಆ ದಿನಗಳಲ್ಲಿ ಅವರೆಲ್ಲ ಆಸ್ಪತ್ರೆಯಲ್ಲಿದ್ದರು. ಆರ್ಸೆನಿಕ್ ಇಲ್ಲದ ನೀರು, ಹೊಟ್ಟೆ ತುಂಬ ಒಳ್ಳೆಯ ಊಟ. ದುಬಾರಿ ಔಷಧಿಯ ಪರೀಕ್ಷೆಯಲ್ಲಿ ನೀರೂ ಊಟವೂ ತಾವೇ ಎದ್ದು ಬಂದು ಸಾಕ್ಷಿ ಹೇಳಿದ ಹಾಗೆ ಅನಿಸುತ್ತದೆ ನನಗೆ.

ಹಾಗಾದರೆ ಬೆಳ್ಳುಳ್ಳಿ, ಅರಿಶಿನ?

ಅಕ್ಕ ಕೇಳಿದ್ದು ಇದನ್ನೇ ಅಲ್ವಾ. ಒಂದೊಂದಾಗಿ ನೋಡೋಣ.

ಬೆಳ್ಳುಳ್ಳಿಯಲ್ಲಿ ಗಂಧಕ ಇರುವ ಪದಾರ್ಥಗಳು ಬೇಕಾದಷ್ಟಿವೆ. ಆರ್ಸೆನಿಕ್‌ಗೆ ಗಂಧಕ ಅಂದರೆ ಬಲು ಸೆಳೆತ, ಅದು ನಮ್ಮ ಮೈಯ ಪ್ರೋಟೀನುಗಳನ್ನು ಕೆಡಿಸುವುದೂ ಅದರಲ್ಲಿರುವ ಗಂಧಕಕ್ಕೆ ಅಂಟಿಕೊಂಡೇ. ಹಾಗಾಗಿ ಬೆಳ್ಳುಳ್ಳಿಯ ಗಂಧಕ ಮೊದಲೇ ಹಿಡಿದುಕೊಂಡರೆ ಒಳ್ಳೆಯದು ಅನ್ನುವ ಯೋಚನೆಯಲ್ಲಿ ತಪ್ಪಿಲ್ಲ. ಕೋಲ್ಕತ್ತಾದಲ್ಲಿ ಇಲಿಗಳಿಗೆ ಬೆಳ್ಳುಳ್ಳಿ ರಸ ಕೊಟ್ಟು ನೋಡಿದಾಗ ಅವುಗಳ ರಕ್ತ, ಲಿವರ್‌ನಲ್ಲಿ ಆರ್ಸೆನಿಕ್ ಕಡಿಮೆಯಾಗಿದ್ದೂ ನಿಜ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ಎಸ್.ಜೆ.ಎಸ್. ಫ್ಲೋರಾ ಅವರ ತಂಡ ನುಗ್ಗೆ ಬೀಜದ ಪುಡಿಯನ್ನೂ ಇಲಿಗಳ ಮೇಲೆ ಪರೀಕ್ಷಿಸಿ ಒಳ್ಳೆಯ ಫಲ ಕಂಡಿದೆ. ಆದರೆ ಅದೆಲ್ಲ ಇಲಿಗಳ ಮೇಲೆ ಕಂಡದ್ದು, ಒಗ್ಗರಣೆಗೆ ಹಾಕುವ ನಾಲ್ಕು ಎಸಳು ಮನುಷ್ಯರಿಗೂ ಅದನ್ನೇ ಮಾಡುತ್ತದೆ ಅಂತ ಅದರಿಂದ ಹೇಳಲು ಬರುವುದಿಲ್ಲ.

ಅರಿಶಿನದ್ದು ಸ್ವಲ್ಪ ಮುಂದೆ ಹೋಗಿದೆ. ಕೋಲ್ಕತ್ತಾದ ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಪಶ್ಚಿಮ ಬಂಗಾಳದಲ್ಲಿ ಆರ್ಸೆನಿಕ್ ನೀರು ಕುಡಿದ ಜನರಿಗೆ ಮೂರು ತಿಂಗಳು ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಸತ್ವ ಕೊಟ್ಟರು, ಅದು ಮೈಗೆ ಹಿಡಿಯಲಿ ಅಂತ ಕರಿಮೆಣಸಿನ ಪೈಪರಿನ್ ಸೇರಿಸಿ. ರಕ್ತಕಣಗಳಲ್ಲಿ ಡಿಎನ್‌ಎಗೆ ಆಗಿದ್ದ ಹಾನಿ ಕಡಿಮೆಯಾಯಿತು ಅಂತ 2010ರಲ್ಲಿ ವರದಿ ಮಾಡಿದರು. ಒಳ್ಳೆಯ ಸುದ್ದಿಯೇ. ಆದರೆ ಅದು ಕ್ಯಾಪ್ಸೂಲಿನಲ್ಲಿ ಕೊಟ್ಟ ಶುದ್ಧ ಕರ್ಕ್ಯುಮಿನ್. ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು ನಾಲ್ಕು ಭಾಗ ಮಾತ್ರ. ಸಾರಿಗೆ ಹಾಕುವ ಚಿಟಿಕೆ ಅರಿಶಿನವನ್ನು ಆ ಪರೀಕ್ಷೆಯ ಜೊತೆ ಸೇರಿಸಿ ಮಾತಾಡುವುದು ತಪ್ಪು.

ಸ್ಪಿರುಲಿನಾ ಅಂತ ಒಂದು ಪಾಚಿ ಇದೆ. ಢಾಕಾದಲ್ಲಿ 41 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ಸ್ಪಿರುಲಿನಾ ಸಾರ 250 ಮಿಲಿಗ್ರಾಂ, ಸತು 2 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹದಿನಾರು ವಾರ. ಅವರ ಚರ್ಮದ ಚುಕ್ಕೆ, ಗಂಟು ಎರಡೂ ಇನ್ನೊಂದು ಗುಂಪಿಗಿಂತ ಚೆನ್ನಾಗಿ ಸುಧಾರಿಸಿದವು. ಅಲ್ಲೂ ಮೊದಲು ಮನೆಗೆ ಫಿಲ್ಟರ್ ಕೊಟ್ಟಿದ್ದರು. ಜನ ಕಡಿಮೆ, ಆದರೂ ಗಮನಿಸಬೇಕಾದ ಪರೀಕ್ಷೆ.

ಸೆಲೆನಿಯಂ ಅನ್ನುವ ಖನಿಜದ ಕಥೆ ಮಾತ್ರ ಎಲ್ಲರೂ ತಿಳಿದುಕೊಳ್ಳಬೇಕಾದ್ದು. 1938ರಲ್ಲಿ ಅಮೆರಿಕದ ಮಾಕ್ಸನ್ ಅನ್ನುವವರು ಸೆಲೆನಿಯಂ ವಿಷವನ್ನು ಆರ್ಸೆನಿಕ್ ತಗ್ಗಿಸುತ್ತದೆ ಅಂತ ಕಂಡುಹಿಡಿದರು. ಹೌದು, ಉಲ್ಟಾ ದಿಕ್ಕಿನಿಂದಲೇ ಶುರುವಾಗಿದ್ದು. ಇವೆರಡೂ ಮೈಯೊಳಗೆ ಒಂದನ್ನೊಂದು ಹಿಡಿದುಕೊಂಡು ಪಿತ್ತದ ದಾರಿಯಲ್ಲಿ ಹೊರಗೆ ಹೋಗುತ್ತವೆ ಅಂತ ಆಮೇಲೆ ಗೊತ್ತಾಯಿತು. ಆ ಭರವಸೆ ಇಟ್ಟುಕೊಂಡು ಬಾಂಗ್ಲಾದೇಶದಲ್ಲಿ ಚರ್ಮದ ಗುರುತು ಬಂದಿದ್ದ 7000 ಜನರಿಗೆ ಆರು ವರ್ಷ ದಿನಾ ಸೆಲೆನಿಯಂ 200 ಮೈಕ್ರೋಗ್ರಾಂ, ವಿಟಮಿನ್ ಇ 100 ಮಿಲಿಗ್ರಾಂ, ಎರಡೂ ಸೇರಿಸಿ, ಅಥವಾ ಮದ್ದಿಲ್ಲದ ಮಾತ್ರೆ ಕೊಟ್ಟು ನೋಡಿದರು. ಚರ್ಮದ ಕ್ಯಾನ್ಸರ್ ಕಡಿಮೆಯಾಗುತ್ತದಾ ಅನ್ನುವುದು ಪ್ರಶ್ನೆ. ಹೇಳಿಕೊಳ್ಳುವ ಮಟ್ಟಿಗೆ ಕಡಿಮೆಯಾಗಲಿಲ್ಲ. ಏಳು ಸಾವಿರ ಜನ, ಆರು ವರ್ಷ. ಇಷ್ಟು ದೊಡ್ಡ ಪರೀಕ್ಷೆಯೇ "ಇಲ್ಲ" ಅಂತ ಹೇಳಿದಾಗ ಆ ಮಾತಿಗೆ ಬೆಲೆ ಕೊಡಬೇಕು.

ಆದರೆ ಅದೇ ಸೆಲೆನಿಯಂ ಮಾತ್ರೆಯಲ್ಲಿ ಅಲ್ಲದೆ ಊಟದಲ್ಲಿ ಬಂದರೆ? ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೂಡಿಟ್ ಸ್ಮಿಟ್ಸ್ ಮತ್ತು ಜೊತೆಗಾರರು ಇದನ್ನು ನೋಡಿದರು. ಕೆನಡಾದ ಸಸ್ಕಾಚೆವಾನ್ ಪ್ರಾಂತದ ಮಣ್ಣಿನಲ್ಲಿ ಸೆಲೆನಿಯಂ ಜಾಸ್ತಿ, ಅಲ್ಲಿ ಬೆಳೆದ ಮಸೂರ್ ಬೇಳೆಯಲ್ಲೂ ಜಾಸ್ತಿ. ಬಾಂಗ್ಲಾದೇಶದವರಿಗೆ ಮಸೂರ್ ದಿನದ ಊಟ. 400ಕ್ಕೂ ಸ್ವಲ್ಪ ಹೆಚ್ಚು ಜನರಿಗೆ ಆರು ತಿಂಗಳು ದಿನಾ 65 ಗ್ರಾಂ ಬೇಳೆ ಕೊಟ್ಟರು, ಅರ್ಧ ಜನಕ್ಕೆ ಸೆಲೆನಿಯಂ ಇರುವ ಬೇಳೆ, ಅರ್ಧ ಜನಕ್ಕೆ ಅದು ಕಡಿಮೆ ಇರುವ ಬೇಳೆ. ಸೆಲೆನಿಯಂ ಬೇಳೆ ತಿಂದವರ ಮೂತ್ರದಲ್ಲಿ ಆರ್ಸೆನಿಕ್ ಹೊರಹೋಗುವುದು ಹೆಚ್ಚಾಯಿತು ಅಂತ 2019ರಲ್ಲಿ ಬರೆದರು. ದಿನಕ್ಕೆ ಸಿಕ್ಕ ಸೆಲೆನಿಯಂ ಸುಮಾರು 55 ಮೈಕ್ರೋಗ್ರಾಂ, ಅಂದರೆ ಆ ಮಾತ್ರೆಯ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ನನಗೆ ಈ ಪರೀಕ್ಷೆ ತುಂಬಾ ಇಷ್ಟ. ಜನರ ಊಟವನ್ನು ಬದಲಾಯಿಸದೆ, ಅದೇ ಬೇಳೆ, ಬೇರೆ ಹೊಲದ್ದು. ಕ್ಯಾನ್ಸರ್ ತಡೆಯುತ್ತದೆ ಅಂತ ಇದು ಹೇಳುವುದಿಲ್ಲ, ಅಷ್ಟು ದೂರ ಎಳೆಯಬಾರದು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಸೆಲೆನಿಯಂ ಮಾತ್ರೆ ತಾವೇ ಕೊಂಡು ತಿನ್ನಬೇಡಿ, ಬೇಕಾದ ಪ್ರಮಾಣಕ್ಕೂ ಕೆಡುಕು ಮಾಡುವ ಪ್ರಮಾಣಕ್ಕೂ ಅಂತರ ಕಡಿಮೆ. ಫೋಲಿಕ್ ಆಸಿಡ್ ಕೂಡ ಹಾಗೇ ಸುಮ್ನೆ ನುಂಗುವಂಥದ್ದಲ್ಲ. ನಮ್ಮಲ್ಲಿ ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 5 ಮಿಲಿಗ್ರಾಂ ಮಾತ್ರೆ, ಅಂದರೆ ಆರಾಯಿಹಜಾರ್‌ನಲ್ಲಿ ಕೊಟ್ಟ 400 ಮೈಕ್ರೋಗ್ರಾಂನ ಹನ್ನೆರಡು ಪಟ್ಟಿಗಿಂತ ಹೆಚ್ಚು. ಮಾಂಸ ಮೊಟ್ಟೆ ತಿನ್ನದ ಎಷ್ಟೋ ಜನರಲ್ಲಿ ಬಿ12 ಕಡಿಮೆ ಇರುತ್ತದೆ. ಅಂಥವರಿಗೆ ಜಾಸ್ತಿ ಫೋಲಿಕ್ ಆಸಿಡ್ ಕೊಟ್ಟರೆ ರಕ್ತಹೀನತೆ ಸರಿಹೋದ ಹಾಗೆ ಕಾಣುತ್ತದೆ, ಒಳಗೆ ನರಗಳಿಗೆ ಆಗುವ ಹಾನಿ ನಡೆಯುತ್ತಲೇ ಇರುತ್ತದೆ. ಖಾಲಿ ಬಂಡಿಗೆ ಹೇರಲು ಬಿ12 ಕೂಡ ಬೇಕು ಅಂದೆನಲ್ಲ. ವೈದ್ಯರನ್ನು ಕೇಳಿ, ರಕ್ತ ಪರೀಕ್ಷೆ ಮಾಡಿಸಿ ಆಮೇಲೆ ಮಾತ್ರೆ.

ಸೊಪ್ಪು, ಕಾಳು ತಿನ್ನಲು ಯಾರನ್ನೂ ಕೇಳಬೇಕಿಲ್ಲ.

ಅಡುಗೆಮನೆಯ ಎರಡು ಬಗೆಯ ನೀರು

ಈ ಪ್ರಕರಣ ಓದುತ್ತಾ ನನಗೆ ಅಡುಗೆಮನೆಯ ಒಂದು ವಿಷಯ ಹೊಳೆಯಿತು. ಅನ್ನ ಬಸಿದ ಗಂಜಿ ನೀರು, ಸೊಪ್ಪು ಬೇಯಿಸಿದ ಕಟ್ಟು, ಎರಡಕ್ಕೂ ಇಲ್ಲಿ ಉಲ್ಟಾ ಲೆಕ್ಕ.

ಭತ್ತ ನೀರು ನಿಂತ ಗದ್ದೆಯಲ್ಲಿ ಬೆಳೆಯುತ್ತದೆ. ಗಾಳಿ ಆಡದ ಆ ಕೆಸರಿನಲ್ಲಿ ಆರ್ಸೆನಿಕ್ ಬೇರಿಗೆ ಸುಲಭವಾಗಿ ಸಿಗುತ್ತದೆ, ಭತ್ತ ಅದನ್ನು ಸಿಲಿಕಾನ್ ಅಂತ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಆರ್ಸೆನಿಕ್ ಸೀಮೆಯ ಅಕ್ಕಿಯಲ್ಲೂ ಆರ್ಸೆನಿಕ್ ಇರುತ್ತದೆ. 2006ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಒಂದಕ್ಕೆ ಆರರಷ್ಟು ನೀರಿಟ್ಟು ಬೇಯಿಸಿ, ಗಂಜಿ ಬಸಿದುಬಿಟ್ಟರೆ ಶೇಕಡಾ 57ರವರೆಗೂ ಆರ್ಸೆನಿಕ್ ಹೋಗುತ್ತದೆ. ನಮ್ಮ ಅಜ್ಜಿಯರು ಮಾಡುತ್ತಿದ್ದ ಬಸಿದ ಅನ್ನ ಇದೇ ಅಲ್ವಾ. ಕುಕ್ಕರ್ ಬಂದ ಮೇಲೆ ಬಸಿಯುವುದು ಬಿಟ್ಟೆವು. ಆದರೆ ಬೇಯಿಸುವ ನೀರು ಒಳ್ಳೆಯದಿರಬೇಕು. ವಿಷದ ನೀರಿನಲ್ಲೇ ಬೇಯಿಸಿದರೆ ಅನ್ನ ಅದನ್ನು ಹೀರಿಕೊಳ್ಳುತ್ತದೆ.

ಸೊಪ್ಪಿನದು ಬೇರೆ. ಫೋಲೇಟ್ ನೀರಿನಲ್ಲಿ ಕರಗುವ ವಿಟಮಿನ್, ಜಾಸ್ತಿ ಕುದಿಸಿದರೆ ಹಾಳಾಗುತ್ತದೆ, ಉಳಿದದ್ದರಲ್ಲಿ ಒಂದು ಪಾಲು ಬೇಯಿಸಿದ ನೀರಿಗೆ ಇಳಿಯುತ್ತದೆ. ಮಂಡ್ಯ, ಮೈಸೂರು ಕಡೆಯ ಬಸ್ಸಾರು ಇಲ್ಲಿ ಕೆಲಸಕ್ಕೆ ಬರುತ್ತದೆ. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟನ್ನೇ ಸಾರು ಮಾಡುತ್ತಾರೆ, ಸೊಪ್ಪು ಪಲ್ಯವಾಗುತ್ತದೆ. ಏನೂ ಚರಂಡಿಗೆ ಹೋಗುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ ಸೊಪ್ಪು ಹಸಿಯಾಗೇ ರೊಟ್ಟಿ ಜೊತೆ ತಿನ್ನುತ್ತಾರಲ್ಲ, ಅದು ಇನ್ನೂ ಒಳ್ಳೆಯದು, ಒಲೆಯೇ ಇಲ್ಲ. ಸೊಪ್ಪು ತೊಳೆಯುವ ನೀರು ಮಾತ್ರ ಚೆನ್ನಾಗಿರಲಿ.

ನಮ್ಮ ನೆಲಕ್ಕೆ ಬಂದರೆ

ಬಾಂಗ್ಲಾದೇಶದ ಮಾತು ನಮಗೆ ಯಾಕೆ ಅನ್ನುವವರು ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ವಿಷಯ ತಿಳಿಯಬೇಕು. ಮಂಗಳೂರು ಅನ್ನುವ ಊರಿನ ಹಳೆಯ ಚಿನ್ನದ ಗಣಿಯ ಹತ್ತಿರ ಇರುವ ಲಂಬಾಣಿ ತಾಂಡಾ. ಕರಾವಳಿಯ ಮಂಗಳೂರು ಅಲ್ಲ, ಇದು ಯಾದಗಿರಿಯದು. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಕಲ್ಲೂ ಬರುತ್ತದೆ, ಗಣಿಯ ಮಣ್ಣಿನ ರಾಶಿಯಿಂದ ಅದು ಸುತ್ತಲಿನ ನೆಲಕ್ಕೂ ನೀರಿಗೂ ಸೇರುತ್ತದೆ. ದೀಪಂಕರ್ ಚಕ್ರವರ್ತಿ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 59 ಕೊಳವೆ ಬಾವಿಗಳ ನೀರು ನೋಡಿದರು. ಶೇಕಡಾ 79ರಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ದಾಟಿತ್ತು, ಒಂದರಲ್ಲಿ 303 ಇತ್ತು. 181 ಜನರನ್ನು ಪರೀಕ್ಷಿಸಿದಾಗ ಶೇಕಡಾ 58.6 ಜನರ ಚರ್ಮದಲ್ಲಿ ಗುರುತು. ನೂರಕ್ಕೆ ಐವತ್ತೆಂಟು. ಈ ಅಂಕಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಅಲ್ಲಿನ ನೆಲಕ್ಕೆ ಒಂದು ಒಳ್ಳೆಯದೂ ಇದೆ. ಆ ಸೀಮೆಯ ಹಳೆಯ ಊಟ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ. ಜೋಳ ಒಣಭೂಮಿಯ ಬೆಳೆ, ನೀರು ನಿಂತ ಗದ್ದೆಯ ಭತ್ತದಷ್ಟು ಆರ್ಸೆನಿಕ್ ಎಳೆಯುವುದಿಲ್ಲ. ತೊಗರಿ, ಹೆಸರು, ಶೇಂಗಾ ಎಲ್ಲದರಲ್ಲೂ ಫೋಲೇಟ್ ಇದೆ, ಪ್ರೋಟೀನ್ ಇದೆ. ಅದರ ಜೊತೆ ಒಂದು ಮೊಟ್ಟೆ, ಒಂದು ಲೋಟ ಮಜ್ಜಿಗೆ ಸೇರಿದರೆ ಬಿ12 ಕೂಡ ಸ್ವಲ್ಪ ಬರುತ್ತದೆ. ಆರಾಯಿಹಜಾರ್‌ನ ಜನರಿಗೆ ಮಾತ್ರೆಯಲ್ಲಿ ಕೊಟ್ಟ ವಿಟಮಿನ್ನು ಇಲ್ಲಿಯ ಹೊಲದಲ್ಲೇ ಬೆಳೆಯುತ್ತದೆ. ಮಾತ್ರೆಯ 400 ಮೈಕ್ರೋಗ್ರಾಂ ಮೈಗೆ ಹಿಡಿಯುವಷ್ಟು ಊಟದ ಫೋಲೇಟ್ ಹಿಡಿಯುವುದಿಲ್ಲ, ಊಟದಲ್ಲಿ ಅದರ 1.7 ಪಟ್ಟು ಬೇಕಾಗುತ್ತದೆ. ಹಾಗಾಗಿ ವಾರಕ್ಕೊಂದು ದಿನ ಸೊಪ್ಪು ಸಾಲದು, ದಿನಾ ಬೇಕು, ಕಾಳೂ ದಿನಾ ಬೇಕು.

ನೀರು ಬದಲಾದ ಮೇಲೂ ಇದು ಬೇಕು. ಚಿಲಿ ದೇಶದ ಆಂಟೊಫಗಾಸ್ಟಾ ಅನ್ನುವ ಊರಿಗೆ 1958ರಿಂದ 1970ರವರೆಗೆ ಲೀಟರಿಗೆ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್ ಇರುವ ನೀರು ಬರುತ್ತಿತ್ತು. ಆಮೇಲೆ ಶುದ್ಧೀಕರಣ ಘಟಕ ಹಾಕಿದರು. ಆದರೂ ದಶಕಗಳ ನಂತರವೂ ಅಲ್ಲಿ ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಜಾಸ್ತಿಯೇ ಇತ್ತು. ಆರ್ಸೆನಿಕ್ ಮೈಯಿಂದ ಕೆಲವು ದಿನಗಳಲ್ಲಿ, ವಾರಗಳಲ್ಲಿ ಹೊರಗೆ ಹೋಗುತ್ತದೆ. ಅದು ಮಾಡಿ ಹೋದ ಹಾನಿ ಅಷ್ಟು ಬೇಗ ಹೋಗುವುದಿಲ್ಲ. ಒಂದೊಂದು ವರ್ಷ ತಡ ಮಾಡಿದ್ದಕ್ಕೂ ಮುಂದೆ ಲೆಕ್ಕ ಕೊಡಬೇಕಾಗುತ್ತದೆ.

ನಾನು ಅಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಮೊದಲು ನೀರು ಪರೀಕ್ಷೆ ಮಾಡಿಸು, ಕಾಯಿಸಿ ಕುಡಿದರೆ ಆರ್ಸೆನಿಕ್ ಹೋಗುವುದಿಲ್ಲ, ಕಾಯಿಸಿದಷ್ಟೂ ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ ಅಂದೆ. ವರದಿ ಬರುವವರೆಗೆ ಕುಡಿಯಲು, ಅಡುಗೆಗೆ ಬೋರಿನ ನೀರು ಬೇಡ, ಮನೆ ಮೇಲಿನ ಮಳೆ ನೀರು ಹಿಡಿದಿಟ್ಟಿದ್ದೀರಲ್ಲ, ಅದನ್ನು ಸೋಸಿ ಕುದಿಸಿ ಬಳಸಿ ಅಂದೆ. ಬಟ್ಟೆ ಪಾತ್ರೆಗೆ ಬೋರಿನ ನೀರು ಇರಲಿ.

"ಮತ್ತ ಬಳ್ಳೊಳ್ಳಿ?" ಅಂದಳು.

"ತಿನ್ನು ಅಕ್ಕಾ, ರುಚಿಗೆ ತಿನ್ನು. ಮದ್ದು ಅಂತ ತಿನಬ್ಯಾಡ. ಮೆಂತ್ಯ ಪಲ್ಯ, ಹೆಸರುಕಾಳು ದಿನಾ ಇರಲಿ. ಮಕ್ಕಳಿಗೆ ಮೊದಲು ಹಾಕು."

ಕಳೆದ ವಾರ ಅವಳು ತೊಳೆದ ಬಾಟಲಿಯಲ್ಲಿ ನೀರು ತುಂಬಿ ಪರೀಕ್ಷೆಗೆ ಕೊಟ್ಟು ಬಂದಿದ್ದಾಳೆ. ಪಕ್ಕದ ಎರಡು ಮನೆಯವರೂ ತಮ್ಮ ಬೋರಿನ ನೀರು ಅವಳ ಕೈಲಿ ಕೊಟ್ಟು ಕಳಿಸಿದರಂತೆ.